ಅವನು ಎಳೆದ ಹಳದಿ ಗೆರೆ

"ಅಲ್ಲಾಡಬೇಡಿ..."

ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ ಕೆಲಸ ಮಾಡುತ್ತಿರುವ ಹುಡುಗಿಗೆ ಯಾರೋ ಗೊತ್ತಿಲ್ಲದ ಗಂಡಸು ಬಗ್ಗಿ ಹೀಗೆ ಹೇಳಿದರೆ ಅವಳು ಏನು ಮಾಡುತ್ತಾಳೆ? ಅಲ್ಲಾಡುತ್ತಾಳೆ. ಇವಳೂ ಅಲ್ಲಾಡಿದಳು. ಹುಬ್ಬಿನ ಮೇಲೆ ಕೂತಿದ್ದ ಜೇನುಹುಳು ಕಚ್ಚಿಯೇ ಬಿಟ್ಟಿತು.

"ಅಯ್ಯೋ ಅಮ್ಮಾ!"

"ಅಲ್ಲಾಡಬೇಡಿ ಅಂದೆನಲ್ಲ," ಎಂದ ಅವನು, ತಪ್ಪೆಲ್ಲ ಅವಳದೇ ಎನ್ನುವ ಹಾಗೆ.

ಪ್ರೇಮ ಕಥೆ ಹೀಗೆ ಶುರುವಾಗಬಾರದು, ಒಪ್ಪುತ್ತೇನೆ. ಆದರೆ ನಡೆದದ್ದು ಹೀಗೆ, ನಾನೇನು ಮಾಡಲಿ?

ಅವಳು ಹೊರಗೆ ಜಾರಿ ಬಂದು, ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದು ಕೈಯಲ್ಲಿ ಹುಬ್ಬು ಹಿಡಿದು ನಿಂತಳು. "ಏನ್ರೀ ಇದು, ಗ್ಯಾರೇಜಿಗೆ ಹುಳ ಹಿಡ್ಕೊಂಡು ಬಂದಿದೀರ?"

"ಹಿಡ್ಕೊಂಡು ಬಂದಿಲ್ಲ. ಖಾಲಿ ಜೇನುಪೆಟ್ಟಿಗೆ ಅಂದ್ಕೊಂಡು ಗಾಡಿಗೆ ಹಾಕ್ದೆ, ಒಳಗೆ ಒಂದಿಷ್ಟು ಉಳ್ಕೊಂಡಿದ್ವು. ಕೈ ತೆಗೀರಿ, ಮುಳ್ಳು ಇನ್ನೂ ಅಲ್ಲೇ ಇದೆ. ಅದನ್ನ ಕೀಳಬಾರದು, ಕೆರೆದು ತೆಗೀಬೇಕು."

ಹೇಳುತ್ತಲೇ ಅವನು ಹತ್ತಿರ ಬಂದು, ಉಗುರಿನ ತುದಿಯಿಂದ ಅವಳ ಹುಬ್ಬಿನ ಮೇಲೆ ಮೆಲ್ಲಗೆ ಒಂದು ಗೀರು ಎಳೆದ. ಅವನ ಮೈಯಿಂದ ಹೊಗೆ ಮತ್ತು ಮೇಣದ ವಾಸನೆ. ಅವನು ಉಸಿರು ಬಿಗಿಹಿಡಿದಿದ್ದ. ಅವಳೂ ಬಿಗಿಹಿಡಿದಿದ್ದಳು, ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ.

ಸಂಜೆಯ ಹೊತ್ತಿಗೆ ಅವಳ ಕಣ್ಣು ಬಾತು ಮುಚ್ಚಿಹೋಯಿತು. ಮನೆಯಲ್ಲಿ ಅವಳ ಅತ್ತೆ, ಅಂದರೆ ಅಪ್ಪನ ಅಕ್ಕ, ನೋಡಿ ಬಿದ್ದು ಬಿದ್ದು ನಕ್ಕರು. "ಯಾರೇ ಅವನು? ಬಂದ ದಿನವೇ ನಿನ್ನ ಕಣ್ಣು ಮುಚ್ಚಿಸಿದನಲ್ಲೇ."

"ಸುಮ್ನಿರು ಅತ್ತೆ," ಎಂದಳು. ಇನ್ನೊಂದು ಕಣ್ಣು ಮಾತ್ರ ನಗುತ್ತಿತ್ತು.

ಗ್ಯಾರೇಜು ಅಪ್ಪನದು. ಊರಿನವರು ಅವರನ್ನು ದೊಡ್ಡ ಮೇಸ್ತ್ರಿ ಎನ್ನುತ್ತಿದ್ದರು, ಇವಳನ್ನು ಚಿಕ್ಕ ಮೇಸ್ತ್ರಿ. ತಾಯಿಯಿಲ್ಲದ ಮಗು ಅಪ್ಪನ ಕಾಲಡಿಯಲ್ಲೇ ನಟ್ಟು ಬೋಲ್ಟುಗಳ ನಡುವೆ ಆಡಿ ಬೆಳೆದಿತ್ತು. ಈಗ ಅಪ್ಪನಿಗೆ ಮಂಡಿನೋವು. ಗಾಡಿಯ ಅಡಿಗೆ ಹೋಗುವುದೆಲ್ಲ ಇವಳ ಪಾಲು. ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಶಬ್ದ ಕೇಳಿಯೇ ಇಂಜಿನ್ನಿನ ರೋಗ ಹೇಳುತ್ತಿದ್ದರು.

ಜೇನಿನವನು ತಂದದ್ದು ಒಂದು ಹಳೆಯ ಪಿಕಪ್ಪು. ನಾಲ್ಕೂ ಚಕ್ರಕ್ಕೆ ಎಳೆತವಿರುವ, ಒಂದು ಕಾಲದಲ್ಲಿ ಕಲ್ಲುಕ್ವಾರಿಯಲ್ಲಿ ದುಡಿದ ಗಾಡಿ. ಬಣ್ಣ ಯಾವುದೆಂದು ಕೇಳಿದರೆ ಅದಕ್ಕೇ ಮರೆತುಹೋಗಿತ್ತು.

"ಗುಡ್ಡದ ಮೇಲೆ ಇನ್ನೇನು ಹೂ ಬಿಡುತ್ತೆ," ಎಂದ ಅವನು. "ಪೆಟ್ಟಿಗೆಗಳನ್ನ ಮೇಲಕ್ಕೆ ಸಾಗಿಸ್ಬೇಕು. ಈ ಗಾಡಿ ಕುಲುಕೋ ಕುಲುಕಿಗೆ ಒಳಗೆ ಹುಳ ಕಟ್ಟಿರೋ ಮೇಣದ ಎರಿ ಕಳಚಿ ಬೀಳುತ್ತೆ. ರಾಣಿ ಹುಳ ಸತ್ರೆ ಪೆಟ್ಟಿಗೆಯೇ ಹೋದ ಹಾಗೆ. ಕುಲುಕದ ಹಾಗೆ ಮಾಡ್ಕೊಡಿ. ಗುಡ್ಡ ಮಾತ್ರ ಹತ್ಬೇಕು."

"ತೊಟ್ಟಿಲು ಬೇಕು ಅನ್ನಿ. ಗುಡ್ಡ ಹತ್ತೋ ತೊಟ್ಟಿಲು."

"ಹೂಂ. ಸಿಗುತ್ತಾ?"

ಅಪ್ಪ ಕುರ್ಚಿಯಿಂದಲೇ ನಕ್ಕರು. "ಸಿಗುತ್ತೆ ಕಣಯ್ಯ. ಹಿಂದಿನ ಚಕ್ರದ ಮೇಲಿರೋ ಕಮಾನು ಪಟ್ಟಿ ಕ್ವಾರಿಗೆ ಅಂತ ಹಾಕಿದ್ದು, ಕಲ್ಲು ಹೊರೋಕೆ. ಅದನ್ನ ಬಿಚ್ಚಿ ಉದ್ದನೆಯ ತೆಳು ಪಟ್ಟಿ ಕೂರಿಸಿ, ಗಾಡಿ ಮೈ ಸ್ವಲ್ಪ ಎತ್ತರಿಸಿದ್ರೆ ಆಯ್ತು. ನನ್ನ ಮಗಳು ಮಾಡ್ತಾಳೆ. ಅವಸರ ಮಾತ್ರ ಮಾಡಬೇಡ."

ಅವಸರ ಅವನಿಗೆ ಗೊತ್ತೇ ಇರಲಿಲ್ಲ. ಜೇನಿನ ಜೊತೆ ಇದ್ದು ಇದ್ದು ಮೆಲ್ಲಗೆ ನಡೆಯುವುದು, ಮೆಲ್ಲಗೆ ಮಾತಾಡುವುದು ಅವನಿಗೆ ಅಭ್ಯಾಸವಾಗಿತ್ತು. ಗಾಡಿಯಿಲ್ಲದೆ ಕೆಲಸವಿಲ್ಲ ಎನ್ನುವ ನೆಪ ಬೇರೆ. ದಿನವೂ ಬಂದ. ತುಕ್ಕು ಹಿಡಿದ ಬೋಲ್ಟಿಗೆ ಅವಳು ಬೆಂಕಿ ಹಿಡಿದಾಗ ದೀಪ ಹಿಡಿದ. ಸ್ಪ್ಯಾನರ್ ಕೇಳಿದರೆ ಬೇರೆಯದೇ ಕೊಟ್ಟ. ಬೈಸಿಕೊಂಡ. ಮರುದಿನ ಮತ್ತೆ ಬಂದ.

ಅವಳಿಗೆ ಸಿಟ್ಟು ಬೇಗ. ಕೆಲಸದಲ್ಲಿ ಯಾರಾದರೂ ಅಡ್ಡ ಬಂದರೆ ಸುಮ್ಮನೆ ಬಿಡುವವಳಲ್ಲ. ಆದರೆ ಇವನು ಒಂದು ದಿನ ಬರುವುದು ತಡವಾದಾಗ, ಬಾಗಿಲ ಕಡೆ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡಳು. 'ಇದೇನಾಯ್ತು ನಂಗೆ... ದೀಪ ಹಿಡಿಯೋಕೆ ಒಂದು ಗೂಟ ನೆಟ್ಟರೂ ಸಾಕಲ್ಲ!' ಎಂದುಕೊಂಡಳು. ಗೂಟ ಸಾಕಾಗುತ್ತಿರಲಿಲ್ಲ ಎಂದು ನಮಗೆ ಗೊತ್ತು, ಅವಳಿಗೂ ಗೊತ್ತಿತ್ತು.

ಈಗ ಒಂದು ವಿಷಯ ಹೇಳಲೇಬೇಕು. ಆ ಗ್ಯಾರೇಜಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಮುಖ್ಯವಾದ ನಟ್ಟನ್ನು ಪೂರ್ತಿ ಬಿಗಿ ಮಾಡಿದ ಮೇಲೆ, ಬಿಗಿ ಮಾಡಿದ ಕೈಯೇ ಕುಂಚ ತೆಗೆದುಕೊಂಡು ನಟ್ಟಿನ ಮೇಲಿಂದ ಪಕ್ಕದ ತಗಡಿನ ತನಕ ಒಂದು ಹಳದಿ ಗೆರೆ ಎಳೆಯಬೇಕು. ಗೆರೆ ಇದ್ದರೆ ಕೆಲಸ ಮುಗಿದಿದೆ ಎಂದರ್ಥ. ಮುಂದೆ ಯಾವತ್ತಾದರೂ ಗೆರೆ ತುಂಡಾಗಿ ಕಂಡರೆ ನಟ್ಟು ತಿರುಗಿದೆ ಎಂದರ್ಥ. "ಕೆಲಸದ ನಡುವೆ ಹತ್ತು ಜನ ಕರೀತಾರೆ, ನೆನಪು ಕೈಕೊಡುತ್ತೆ. ಗೆರೆ ನೋಡು, ನೆನಪನ್ನ ಕೇಳಬೇಡ," ಎಂದು ಅಪ್ಪ ಕಲಿಸಿದ್ದರು. ಎಷ್ಟೋ ವರ್ಷ ಅವಳ ಕೈಗೆ ಸ್ಪ್ಯಾನರ್ ಕೊಟ್ಟರೂ ಕುಂಚ ಕೊಟ್ಟಿರಲಿಲ್ಲ. ಕೊಟ್ಟ ದಿನ ಅವಳು ಅತ್ತಿದ್ದಳು. ಅವಳ ಪಾಲಿಗೆ ಆ ಗೆರೆ ಎಂದರೆ ಅವಳ ಮಾತು.

ಇದನ್ನು ಗಿರಾಕಿಗಳಿಗೆ ಯಾರೂ ಹೇಳುತ್ತಿರಲಿಲ್ಲ. ಗಿರಾಕಿ ಯಾಕೆ ಕುಂಚ ಮುಟ್ಟುತ್ತಾನೆ?

ಕೊನೆಯ ದಿನದ ಕೆಲಸ. ಹೊಸ ಪಟ್ಟಿಗಳನ್ನು ಹಿಂದಿನ ಆಕ್ಸಲಿಗೆ ಅಪ್ಪಿ ಹಿಡಿಯುವ ಯು-ಬೋಲ್ಟುಗಳನ್ನು ಬಿಗಿ ಮಾಡುವುದಿತ್ತು. ಒಂದೊಂದು ಬದಿಗೆ ನಾಲ್ಕು ನಟ್ಟು. ಎಡಬದಿಯ ನಾಲ್ಕನ್ನೂ ಬಿಗಿ ಮಾಡಿ ಗೆರೆ ಎಳೆದಳು. ಬಲಬದಿಯ ನಾಲ್ಕನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದಳು, ಅಷ್ಟೇ. ಅಷ್ಟರಲ್ಲಿ ಗೇಟಿನ ಹತ್ತಿರ ಒಂದು ವ್ಯಾನು ಹೊಗೆಯುಗುಳುತ್ತ ಬಂದು ನಿಂತಿತು. ಒಳಗೆ ತುಂಬಾ ಜನ, ಚಾಲಕನ ಕೂಗಾಟ. ಅವಳು ನುಸುಳಿ ಹೊರಗೆ ಬಂದು ಓಡಿದಳು.

ಅವನು ದೀಪ ಹಿಡಿದುಕೊಂಡು ಗಾಡಿಯ ಅಡಿಯಲ್ಲೇ ಉಳಿದ.

'ಬೆಳಿಗ್ಗೆಯಿಂದ ಸೊಂಟ ಹಿಡ್ಕೊಂಡೇ ಓಡಾಡ್ತಿದಾಳೆ. ನಟ್ಟೆಲ್ಲ ತಿರುಗಿಸಿ ಕೂರಿಸಿದ್ದಾಯ್ತು, ಬರೀ ಬಣ್ಣ ಹಚ್ಚೋಕೆ ಮತ್ತೆ ಇದರ ಅಡಿಗೆ ನುಸುಳಬೇಕಾ, ಪಾಪ...'

ಅವನೂ ತನ್ನ ಪೆಟ್ಟಿಗೆಗಳಿಗೆ ಬಣ್ಣದ ಪಟ್ಟೆ ಬಳಿಯುತ್ತಿದ್ದ, ಹುಳಗಳಿಗೆ ತಮ್ಮ ಗೂಡು ಯಾವುದೆಂದು ಗುರುತು ಸಿಗಲಿ ಎಂದು. ಇದೂ ಗ್ಯಾರೇಜಿನವರ ಗುರುತು ಇರಬೇಕು ಎಂದುಕೊಂಡ. ಡಬ್ಬಿಯಿಂದ ಕುಂಚ ತೆಗೆದ. ಬಲಬದಿಯ ನಾಲ್ಕು ನಟ್ಟಿಗೂ, ಅವಳು ಎಳೆದ ಹಾಗೆಯೇ, ಅಚ್ಚುಕಟ್ಟಾಗಿ ಗೆರೆ ಎಳೆದ.

ಕಥೆ ಹೇಳುವವರಿಗೆ ಇಂಥ ಹೊತ್ತಲ್ಲಿ ಒಳಗೆ ಕೈ ಹಾಕಿ ತಡೆಯುವ ಅವಕಾಶ ಇರಬೇಕಿತ್ತು. ಇಲ್ಲ. ನೋಡುತ್ತ ಕೂರಬೇಕು.

ಅವಳು ವ್ಯಾನಿನವರನ್ನು ಸಾಗಿಸಿ ವಾಪಸು ಬಂದಾಗ ಅವನು ಕೈ ತೊಳೆಯಲು ಹೋಗಿದ್ದ. ಅವಳು ಬಗ್ಗಿ ನೋಡಿದಳು. ಎಂಟು ಗೆರೆ.

'ಅರೆ... ಈ ಕಡೆಯದೂ ಮುಗಿಸಿದ್ದೆನಾ?'

ಒಂದು ಕ್ಷಣ ನಿಂತಳು. ನೆನಪಿಗೆ ಬರಲಿಲ್ಲ. ಆದರೆ ಗೆರೆ ಇತ್ತು. ನೆನಪನ್ನು ಕೇಳಬೇಡ ಎಂದು ಕಲಿಸಿದ್ದರಲ್ಲ, ಅವಳು ಕೇಳಲಿಲ್ಲ. ಜಾಕಿ ಇಳಿಸಿದಳು.

ಅವನಾದರೂ ಹೇಳಬಹುದಿತ್ತು. ಹೇಳಿಕೊಂಡರೆ ಉಪಕಾರ ತೋರಿಸಿದ ಹಾಗಾಗುತ್ತದೆ ಎಂದು ಸುಮ್ಮನಾದ. ಅವಳ ಸೊಂಟಕ್ಕೆ ಒಂದಿಷ್ಟು ಬಿಡುವು ಸಿಕ್ಕಿತು ಎಂದು ಒಳಗೊಳಗೇ ಖುಷಿಪಟ್ಟ.

ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಪಕ್ಕದ ಸೀಟಿನಲ್ಲಿ ಕೂತರು. ಗ್ಯಾರೇಜಿನಿಂದ ಹೊರಡುವ ಯಾವ ಗಾಡಿಯನ್ನೂ ಅವರು ತಾವೇ ಕೂತು ಒಂದು ಸುತ್ತು ಹೋಗಿ ಬರದೆ ಬಿಡುತ್ತಿರಲಿಲ್ಲ. ಜೇನಿನವನು ಓಡಿಸಿದ. ಖುಷಿಯಲ್ಲಿದ್ದವನು ಕ್ವಾರಿ ರಸ್ತೆಯ ತಿರುವಿನಲ್ಲಿ ತುಸು ಜೋರಾಗಿಯೇ ಹೋದ.

"ನೋಡಯ್ಯ, ಒಂಚೂರು ಕುಲುಕಿದ್ರೆ ಹೇಳು," ಎಂದು ಅಪ್ಪ ಹೆಮ್ಮೆಯಿಂದ ತಮ್ಮ ಎಡಬದಿಯ ಕಿಟಕಿಯ ಕಡೆ ಪೂರ್ತಿ ಹೊರಳಿ, ಬಲಗೈಯನ್ನು ಆಚೆ ಊರಿ ಹಿಂದಿನ ಚಕ್ರದ ಕಡೆ ಬಗ್ಗಿ ನೋಡಿದರು.

ಹಿಂದೆ ಏನೋ ಕಳಚಿದ ಶಬ್ದ. ಆಕ್ಸಲು ಒಂದು ಕಡೆ ಜಾರಿತು, ಗಾಡಿ ಅಡ್ಡಡ್ಡ ತಿರುಗಿ ಅಪ್ಪ ಕೂತ ಬದಿಯಿಂದಲೇ ದಿಬ್ಬಕ್ಕೆ ಉಜ್ಜಿಕೊಂಡು ನಿಂತಿತು.

ಆಸ್ಪತ್ರೆಯ ಡಾಕ್ಟರು ಹೊರಗೆ ಬಂದು ಮೆಲ್ಲಗೆ ಹೇಳಿದರು. "ಜೀವಕ್ಕೇನೂ ತೊಂದರೆ ಇಲ್ಲಮ್ಮ. ಬಲಗೈ ಉಳಿಸಿದೀವಿ. ಆದ್ರೆ ಹಿಡಿತ ಮೊದಲಿನ ಹಾಗೆ ಬರೋದಿಲ್ಲ."

"ಮೊದಲಿನ ಹಾಗೆ ಅಂದ್ರೆ..."

"ಚಮಚ ಹಿಡೀಬಹುದು. ಸ್ಪ್ಯಾನರ್ ಆಗೋದಿಲ್ಲ."

ಅವಳು ಗೋಡೆಗೆ ಒರಗಿದಳು. ಗಾಡಿಯನ್ನು ಎಳೆಸಿ ತಂದಾಗ ಅವಳು ಅಡಿಗೆ ಹೋಗಿ ನೋಡಿದ್ದಳು. ಬಲಬದಿಯ ನಟ್ಟುಗಳು ಸಡಿಲಾಗಿ ಕೆಳಗಿಳಿದಿದ್ದವು. ಅವುಗಳ ಮೇಲೆ ಹಳದಿ ಗೆರೆ. ತುಂಡಾದ ಗೆರೆ. ಬಿಗಿ ಮಾಡದೆ ಗೆರೆ ಎಳೆದಿದ್ದೇನೆ... ನಾನೇ... ಅಪ್ಪನ ಕೈಯನ್ನು ನಾನೇ ತೆಗೆದೆ.

ಜೇನಿನವನ ಹಣೆಗೆ ಪಟ್ಟಿ ಕಟ್ಟಿತ್ತು. ಅವನು ಅವಳ ಮುಂದೆ ಬಂದು ತಲೆ ತಗ್ಗಿಸಿ ನಿಂತ.

"ನನ್ನಿಂದ ಆಯ್ತು," ಎಂದ. "ತಿರುವಲ್ಲಿ ಜೋರಾಗಿ ಹೋದೆ. ಇದೆಲ್ಲ ನನ್ನ ತಪ್ಪು."

ಅವನು ಮನಸಾರೆ ಹಾಗೆಯೇ ನಂಬಿದ್ದ. ಅವಳಿಗೆ ಅದು ಬರೀ ಸಮಾಧಾನದ ಮಾತಾಗಿ ಕೇಳಿಸಿತು. ಅಷ್ಟು ಒಳ್ಳೆಯತನ ತಡೆದುಕೊಳ್ಳುವ ಶಕ್ತಿ ಅವತ್ತು ಅವಳಿಗಿರಲಿಲ್ಲ.

"ಸುಳ್ಳು ಹೇಳಿ ನನ್ನ ಸಮಾಧಾನ ಮಾಡ್ಬೇಡಿ. ದಯವಿಟ್ಟು ಹೋಗಿ. ಇನ್ಮೇಲೆ ಬರ್ಬೇಡಿ... ನಿಮ್ಮ ಮುಖ ನೋಡೋಕೆ ನನ್ನಿಂದ ಆಗ್ತಿಲ್ಲ."

ನಾಚಿಕೆಯಿಂದ ಆಗುತ್ತಿಲ್ಲ ಎನ್ನುವುದು ಅವಳ ಗಂಟಲಲ್ಲೇ ಉಳಿಯಿತು. ಅಪ್ಪನ ಕೈ ಮುರಿದವನ ಮುಖ ನೋಡಲಾರೆ ಎಂದು ಅವನಿಗೆ ಕೇಳಿಸಿತು. ಅವನು ತಲೆಯಾಡಿಸಿ ಹೊರಟುಹೋದ. ಅವನ ಬೆನ್ನು ಆಸ್ಪತ್ರೆಯ ಬಾಗಿಲು ದಾಟುವ ತನಕ ಅವಳು ನೋಡುತ್ತಿದ್ದಳು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಮನೆಯಲ್ಲಿ ಅಪ್ಪ ಎಡಗೈಯಲ್ಲಿ ತುತ್ತು ಎತ್ತಲು ಕಲಿಯುತ್ತಿದ್ದರು. ಅರ್ಧ ಬಾಯಿಗೆ, ಅರ್ಧ ಮಡಿಲಿಗೆ. ಅತ್ತೆ ಒರೆಸಲು ಹೋದರೆ ಗದರುತ್ತಿದ್ದರು.

"ಬೋಲ್ಟು ಹಳೇದಿರಬೇಕು ಪುಟ್ಟಿ," ಎಂದರು ಒಮ್ಮೆ, ಅವಳ ಕಡೆ ನೋಡದೆ. "ಹಳೇ ಗಾಡಿ. ಹಾಗೆಲ್ಲ ಆಗುತ್ತೆ."

ಬೋಲ್ಟು ಹೊಸದು. ಅವರೇ ಹೋಗಿ ಆರಿಸಿ ತಂದದ್ದು. ಅಂದರೆ ಅಪ್ಪನಿಗೂ ನಾನೇ ಎಂದು ಗೊತ್ತಿದೆ... ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೆ. ಅವಳು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು.

ಗ್ಯಾರೇಜಿನಲ್ಲಿ ಕೈ ಓಡಲಿಲ್ಲ. ಯಾರದೋ ಸ್ಕೂಟರಿನ ಚಕ್ರದ ನಟ್ಟು ಬಿಗಿ ಮಾಡಿದಳು. ಗೆರೆ ಎಳೆಯಲು ಕುಂಚ ತೆಗೆದಳು. ನಿಜವಾಗಿ ಬಿಗಿಯಾಗಿದೆಯಾ? ಮತ್ತೆ ಬಿಗಿ ಮಾಡಿದಳು. ಮತ್ತೆ ಕುಂಚ, ಮತ್ತೆ ಸಂಶಯ, ಮತ್ತೆ ಸ್ಪ್ಯಾನರ್. ಕೊನೆಗೆ ಬೋಲ್ಟೇ ಮುರಿದು ಕೈಗೆ ಬಂತು. ಗಿರಾಕಿ ಏನೂ ಅನ್ನದೆ ಸ್ಕೂಟರ್ ತಳ್ಳಿಕೊಂಡು ಬೇರೆ ಕಡೆ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಅವಳು ಶಟರ್ ಎಳೆದಳು. ಒಳಗೆ ಮೂಲೆಯಲ್ಲಿ ಪಿಕಪ್ಪು ಸೊಟ್ಟಗೆ ನಿಂತಿತ್ತು. ಅದರ ಬಾಗಿಲ ಕೆಳಗೆ ಕಾಲಿಡುವ ಪಟ್ಟಿಯ ಮೇಲೆ ಕೂತು ತನ್ನ ಕೈಗಳನ್ನೇ ನೋಡಿದಳು. ಬೇರೆ ಕೆಲಸ ಅವಳಿಗೆ ಗೊತ್ತಿಲ್ಲ. ಈ ಕೈಯನ್ನು ನಂಬಲಾಗದಿದ್ದರೆ ಅವಳು ಯಾರು?

ಅತ್ತೆ ಬುತ್ತಿ ತಂದು ಪಕ್ಕದಲ್ಲಿ ಕೂತರು.

"ಆ ಜೇನಿನವನ ನೆನಪಾ?"

"ಇಲ್ಲ ಅತ್ತೆ."

"ಸುಳ್ಳು ಹೇಳೋಕಾದ್ರೂ ಸರಿಯಾಗಿ ಕಲಿ. ನಿಮ್ಮಪ್ಪನ ಹಾಗೇ ಮುಖದ ತುಂಬಾ ಬರೆದಿರುತ್ತೆ."

"ಗಾಡಿ ತಗೊಂಡು ಹೋಗೋಕೆ ಹೇಳಿ ಕಳಿಸು ಅತ್ತೆ. ಬೇರೆ ಮೇಸ್ತ್ರಿ ಹತ್ರ ಮಾಡಿಸ್ಕೊಳ್ಳಲಿ. ಹೂ ಮುಗಿದು ಹೋಗುತ್ತೆ, ಪಾಪ."

ಅತ್ತೆ ಅವಳ ತಲೆ ಸವರಿದರು. ಬುತ್ತಿಯ ಮುಚ್ಚಳ ತೆಗೆದು ಮುಂದೆ ಇಟ್ಟರು.

ಅವನು ಬಂದ. ಗಾಡಿ ಎಳೆಯಲು ಹಗ್ಗ ತಂದಿದ್ದ. ಸೊರಗಿಹೋಗಿದ್ದ. ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತಿದ್ದ ಅಪ್ಪನ ಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಹೇಗಿದೆ ಕೈ?" ಎಂದ. ಕೇಳಿದ ಮೇಲೆ ಕೇಳಬಾರದಿತ್ತು ಎನ್ನಿಸಿ ಅವನ ಮುಖ ಸಪ್ಪಗಾಯಿತು.

"ಇದೆ ಕಣಯ್ಯ. ಎಲ್ಲಿಗೂ ಹೋಗಿಲ್ಲ," ಎಂದರು ಅಪ್ಪ.

ಅವಳು ಒಳಗೆ ನಿಂತಿದ್ದಳು. ಇಷ್ಟು ದಿನ ಕಾಣದ ಮುಖ ಕಂಡು ಎದೆ ಹೊಡೆದುಕೊಂಡಿತು. ಆದರೆ ಹೇಳಬೇಕಾದದ್ದನ್ನು ಹೇಳದೆ ಅವನನ್ನು ಕಳಿಸುವುದು ಮೋಸ ಎಂದು ಅವಳಿಗೆ ಅನ್ನಿಸಿತ್ತು.

"ಗಾಡಿ ತಗೊಂಡು ಹೋಗೋ ಮೊದಲು ಒಂದು ನೋಡಿ. ಬನ್ನಿ."

ಇಬ್ಬರೂ ಗಾಡಿಯ ಅಡಿಗೆ ನುಸುಳಿ ಮೊದಲಿನ ಹಾಗೆ ಅಕ್ಕಪಕ್ಕ ಮಲಗಿದರು. ಅವಳು ದೀಪ ಹಿಡಿದಳು.

"ಈ ಗೆರೆ ನೋಡಿ. ನಟ್ಟು ಬಿಗಿ ಮಾಡಿದ ಮೇಲೆ, ಬಿಗಿ ಮಾಡಿದವರೇ ಎಳೀಬೇಕು. ಗೆರೆ ಇದ್ರೆ ಮತ್ತೆ ಯಾರೂ ಸ್ಪ್ಯಾನರ್ ಹಾಕಿ ನೋಡೋದಿಲ್ಲ. ಆ ಕಡೆ ನಾಲ್ಕು ಬಿಗಿ ಇವೆ. ಈ ಕಡೆ ನಾಲ್ಕನ್ನ ನಾನು ಬಿಗಿ ಮಾಡದೇನೇ ಗೆರೆ ಎಳೆದುಬಿಟ್ಟೆ. ನಿಮ್ಮ ಡ್ರೈವಿಂಗಿಂದ ಏನೂ ಆಗಿಲ್ಲ. ನನ್ನಿಂದ ಆಯ್ತು. ನೀವೂ ಸಾಯ್ತಿದ್ರಿ..." ಅವಳು ದೀಪವನ್ನು ಆಚೆ ತಿರುಗಿಸಿದಳು. "ಅದಕ್ಕೇ ನಿಮ್ಮ ಮುಖ ನೋಡೋಕೆ ಆಗ್ತಿರಲಿಲ್ಲ."

ಅವನು ತುಂಡಾದ ಗೆರೆಗಳನ್ನೇ ನೋಡಿದ.

ಅವನ ಒಳಗೆ ಆಗ ಏನಾಯಿತೆಂದು ನಿಮಗೆ ಹೇಳಿಬಿಡುತ್ತೇನೆ. ಎಲ್ಲ ಅರ್ಥವಾಯಿತು. ಕುಂಚ, ಡಬ್ಬಿ, ತಾನು ಪಟ್ಟ ಖುಷಿ. ಸುಮ್ಮನಿದ್ದರೆ ಇವಳ ಕಣ್ಣಲ್ಲಿ ತಾನು ಒಳ್ಳೆಯವನಾಗಿಯೇ ಉಳಿಯುತ್ತೇನೆ, ಇವಳು ಮಾತ್ರ ಹಾಳಾಗುತ್ತಾಳೆ. ಹೇಳಿದರೆ ಇವಳು ಉಳಿಯುತ್ತಾಳೆ, ತನ್ನನ್ನು ಮಾತ್ರ ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.

"ಈ ನಾಲ್ಕು ಗೆರೆ ನೀವು ಎಳೆದದ್ದಲ್ಲ," ಎಂದ. "ನಾನು ಎಳೆದೆ."

ಅವಳು ತಿರುಗಿ ನೋಡಿದಳು. "ಮತ್ತೆ ಶುರು ಮಾಡಿದ್ರಾ? ಆಸ್ಪತ್ರೆಯಲ್ಲೂ ಹೀಗೇ ಹೇಳಿದ್ರಿ. ನನ್ನ ತಪ್ಪನ್ನ ಹೊತ್ಕೊಂಡು ಹೋಗಿ ಏನು ಮಾಡ್ತೀರ?"

"ಅವತ್ತು ನಂಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಾಯ್ತು. ಆ ವ್ಯಾನು ಬಂದಾಗ ನೀವು ಓಡಿದ್ರಿ. ನಾನು ಇಲ್ಲೇ ಇದ್ದೆ. ನಿಮ್ಮ ಸೊಂಟ ನೋಯ್ತಿತ್ತು, ಬಣ್ಣ ಹಚ್ಚೋ ಕೆಲಸ ಒಂದಾದ್ರೂ ನಿಮಗೆ ತಪ್ಪಲಿ ಅಂತ..."

"ಸಾಕು. ನನ್ನ ಮೇಲೆ ಕನಿಕರ ಬೇಡ."

ಸುಳ್ಳನ್ನು ಎಲ್ಲರೂ ಸುಲಭವಾಗಿ ನಂಬುತ್ತಾರೆ. ನಿಜ ಹೇಳುವವನ ಪಾಡು ನೋಡಿ! ಅವನು ಅಸಹಾಯಕನಾಗಿ ಒಂದೊಂದೇ ನಟ್ಟನ್ನು ನೋಡುತ್ತ ಹೋದ. ಒಮ್ಮೆಲೇ ಕೈ ಚಾಚಿದ.

"ಒಳಗಿನ ಮೂಲೇದಕ್ಕೆ ನಂಗೆ ಕೈ ಎಟುಕಲಿಲ್ಲ. ಗೆರೆ ಸೊಟ್ಟಗೆ ಹೋಯ್ತು. ಹೆಬ್ಬೆರಳಲ್ಲಿ ಒರೆಸಿ ಮತ್ತೆ ಎಳೆದೆ. ನೋಡಿ. ಗುರುತು ಇರಬೇಕು."

ಅವಳು ದೀಪ ಹಿಡಿದು ಒಳಕ್ಕೆ ಸರಿದಳು. ತಗಡಿನ ಮೇಲೆ, ಧೂಳಿನ ಅಡಿಯಲ್ಲಿ, ಹಳದಿ ಬಣ್ಣದಲ್ಲಿ ಒಂದು ದೊಡ್ಡ ಹೆಬ್ಬೆರಳಿನ ಗುರುತು. ಅವಳು ತನ್ನ ಹೆಬ್ಬೆರಳನ್ನು ಅದರ ಮೇಲೆ ಇಟ್ಟಳು. ಸುತ್ತಲೂ ಹಳದಿ ಉಳಿಯಿತು.

ನಾನಲ್ಲ.

ಇಷ್ಟು ದಿನ ಎದೆಯ ಮೇಲೆ ಕೂತಿದ್ದದ್ದು ಎದ್ದುಹೋಯಿತು. ಅವಳು ನೆಲದ ಮೇಲೇ ಮಲಗಿ, ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ನಾನಲ್ಲ ಅಪ್ಪಾ, ನಾನಲ್ಲ... ಆ ನಿರಾಳದ ಬೆನ್ನಿಗೇ ಸಿಟ್ಟು ಬಂತು. ಎಂಥ ಸಿಟ್ಟು ಎಂದರೆ ದೀಪವನ್ನು ಅವನ ಕಡೆಗೇ ಎಸೆದಳು. ಅವನು ತಪ್ಪಿಸಿಕೊಳ್ಳಲಿಲ್ಲ, ಅದು ಭುಜಕ್ಕೆ ಬಡಿದು ಆರಿಹೋಯಿತು.

"ಯಾರು ಹೇಳಿದ್ರು ನಿಮಗೆ ಕುಂಚ ಮುಟ್ಟೋಕೆ? ಒಂದು ಮಾತು ಹೇಳ್ಬಾರದಿತ್ತಾ? ಒಂದೇ ಒಂದು ಮಾತು... ನಮ್ಮಪ್ಪನ ಕೈ ಕಣ್ರೀ ಅದು."

"ಗೊತ್ತು."

"ನಾನು ಸತ್ತು ಸತ್ತು ಬದುಕಿದೀನಿ ಇಷ್ಟು ದಿನ."

"ಗೊತ್ತು. ಕ್ಷಮಿಸಿ ಅಂತ ಕೇಳೋ ಮುಖ ನಂಗಿಲ್ಲ. ಕೇಳೋದೂ ಇಲ್ಲ. ನಿಮ್ಮ ಕೈಯಲ್ಲಿ ತಪ್ಪಿಲ್ಲ ಅಂತ ಮಾತ್ರ ನಂಬಿ."

ಅವನು ಹೊರಗೆ ಬಂದು, ಬಾಗಿಲ ಬಳಿ ಹೋಗಿ, ಅಪ್ಪನಿಗೂ ಅದೇ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಅಪ್ಪ ಕೇಳಿದರು. ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸರಿಸಿದರು.

"ಪುಟ್ಟಿ," ಎಂದು ಕರೆದರು. ಅವಳು ಬಂದು ನಿಂತಳು. "ನೀನೇ ಅಂದ್ಕೊಂಡಿದ್ದೆ ಕಣೆ. ಕೇಳಿದ್ರೆ ನೀನು ಕೆಲಸಾನೇ ಬಿಟ್ಟುಬಿಡ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ. ಮಗಳ ಕೈಯನ್ನೇ ಅನುಮಾನ ಪಟ್ಟೆ ನೋಡು."

"ನಾನೇ ಪಟ್ಟೆನಲ್ಲಪ್ಪ."

ಅಪ್ಪ ಎಡಗೈಯಿಂದ ಕಣ್ಣೊರೆಸಿಕೊಂಡರು. "ಇವನನ್ನ ಹೊಡೀತೀಯೋ ಒಳಗೆ ಕರೀತೀಯೋ ನಿನ್ನಿಷ್ಟ. ನಂಗೂ ಸಿಟ್ಟಿದೆ. ಆದ್ರೆ ಗಾಡಿ ಬೇರೆಯವರ ಹತ್ರ ಹೋಗೋದು ಬೇಡ. ನೀನೇ ಮಾಡು. ಇಲ್ಲ ಅಂದ್ರೆ ಈ ಶಟರ್ ಮತ್ತೆ ಏಳಲ್ಲ."

ನಿಜ ಗೊತ್ತಾದ ಕೂಡಲೇ ಕೈ ನೆಟ್ಟಗಾಯಿತು ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತೆ. ಆಗಲಿಲ್ಲ. ಹೊಸ ಬೋಲ್ಟು ಹಾಕುವಾಗಲೂ ನಡುಗಿತು. ಜಜ್ಜಿದ ಬಾಗಿಲನ್ನು ಬಡಿದು ಸಮ ಮಾಡುವಾಗ ಎರಡು ಸಲ ಬೆರಳು ಜಜ್ಜಿಕೊಂಡಳು. ಅಪ್ಪ ಕುರ್ಚಿಯಿಂದ ಬಾಯಲ್ಲಿ ಹೇಳುತ್ತಿದ್ದರು, ಕೈ ತಾನಾಗಿ ಮೇಲೇಳುತ್ತಿತ್ತು, ಮತ್ತೆ ಮಡಿಲಿಗೆ ಬೀಳುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಅವಳು ಜೇನಿನವನ ಮೇಲೆ ಹರಿಹಾಯುತ್ತಿದ್ದಳು. ಅವನು ಬೈಸಿಕೊಳ್ಳುತ್ತಿದ್ದ. ಮರುದಿನ ಮತ್ತೆ ಬರುತ್ತಿದ್ದ. ಅವಳು ಕರೆಯದಿದ್ದರೆ ಗಾಡಿಯ ಹತ್ತಿರ ಸುಳಿಯುತ್ತಿರಲಿಲ್ಲ. ಅಪ್ಪನ ಪಕ್ಕದಲ್ಲಿ ಕೂತು, ಅವರ ಎಡಗೈಯಲ್ಲಿ ಅಕ್ಷರ ಬರೆಸುತ್ತಿದ್ದ.

ಬಲಬದಿಯ ನಟ್ಟುಗಳ ಸರದಿ ಬಂದಾಗ ಅವಳು ಹೊರಗೆ ತಲೆ ಹಾಕಿದಳು.

"ದೀಪ ಹಿಡೀತೀರಾ?"

ಅವನು ಓಡಿ ಬಂದ. ಓಡಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಗುಡ್ಡದ ಹೂ ಅಷ್ಟು ಹೊತ್ತಿಗೆ ಮುಕ್ಕಾಲು ಉದುರಿತ್ತು. ಉಳಿದಷ್ಟಕ್ಕಾದರೂ ಆಗಲಿ ಎಂದು ಪೆಟ್ಟಿಗೆಗಳನ್ನು ಹಿಂದೆ ಜೋಡಿಸಿ ಕಟ್ಟಿದರು. ಪರೀಕ್ಷೆಗೆ ಯಾರು ಕೂರುವುದು? ಅಪ್ಪನ ಕೈ ಆ ರಸ್ತೆಯನ್ನು ತಡೆದುಕೊಳ್ಳುತ್ತಿರಲಿಲ್ಲ. ಅವರು ಕುರ್ಚಿಯಿಂದ ಏಳಲು ನೋಡಿ, ಮತ್ತೆ ಕೂತರು.

"ನಾನೇ ಓಡಿಸ್ತೀನಿ," ಎಂದಳು ಅವಳು.

"ಪಕ್ಕದಲ್ಲಿ ನಾನು ಕೂರಲಾ?" ಎಂದ ಅವನು. "ನಿಮಗೆ ಬೇಡ ಅಂದ್ರೆ..."

"ಕೂರಿ. ಗುಡ್ಡದ ದಾರಿ ನಂಗೆ ಗೊತ್ತಿಲ್ಲ."

ದಾರಿ ಒಂದೇ ಇತ್ತು. ತಪ್ಪುವ ಮಾತೇ ಇರಲಿಲ್ಲ.

ಮೊದಲ ತಿರುವಿನಲ್ಲಿ ಅವಳ ಅಂಗೈ ಬೆವರಿ ಸ್ಟೀರಿಂಗ್ ಜಾರಿತು. ಹಿಂದಿನಿಂದ ಬರುವ ಒಂದೊಂದು ಶಬ್ದಕ್ಕೂ ಕಿವಿ ನಿಮಿರಿತು. ಕಲ್ಲು ಬಂತು, ಗುಂಡಿ ಬಂತು. ಗಾಡಿ ತೂಗಿತು, ಕುಲುಕಲಿಲ್ಲ. ಎರಡನೆಯ ತಿರುವಿನಲ್ಲಿ ಅವಳು ಉಸಿರು ಬಿಟ್ಟಳು. ಹೇಳಬೇಕೆಂದುಕೊಂಡ ಮಾತೊಂದಿತ್ತು. ಈಗ ಹೇಳದಿದ್ದರೆ ಇನ್ನು ಹೇಳಲಾರೆ ಎನ್ನಿಸಿತು. ರಸ್ತೆಯನ್ನೇ ನೋಡುತ್ತ, ಮೆಲ್ಲಗೆ, ಎಲ್ಲವನ್ನೂ ಹೇಳಿದಳು. ಅವನು ಬರುವುದು ತಡವಾದ ದಿನ ಬಾಗಿಲ ಕಡೆ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡದ್ದನ್ನೂ ಹೇಳಿದಳು.

ಉತ್ತರ ಬರಲಿಲ್ಲ. ಪಕ್ಕಕ್ಕೆ ನೋಡಿದಳು.

ಅವನು ಸೀಟಿಗೆ ಒರಗಿ, ಬಾಯಿ ಅರೆ ತೆರೆದು, ಗಾಢವಾಗಿ ನಿದ್ದೆ ಮಾಡುತ್ತಿದ್ದ.

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಈ ರಸ್ತೆಯಲ್ಲಿ, ಈ ಗಾಡಿಯಲ್ಲಿ, ನನ್ನ ಕೈಯಲ್ಲಿ... ಇವನಿಗೆ ನಿದ್ದೆ ಬಂತಾ? ಸ್ಟೀರಿಂಗ್ ಹಿಡಿದ ಕೈಗಳನ್ನು ನೋಡಿಕೊಂಡಳು. ಅವು ನಡುಗುತ್ತಿರಲಿಲ್ಲ.

ಗುಡ್ಡದ ಮೇಲೆ ಗಾಡಿ ನಿಂತಾಗ ಅವನು ಗಡಬಡಿಸಿ ಎದ್ದ. "ಬಂದ್ವಾ?"

"ಬಂದ್ವಿ. ಚೆನ್ನಾಗಿತ್ತಾ ನಿದ್ದೆ?"

"ಕ್ಷಮಿಸಿ. ಆ ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನೀವು ಓಡಿಸ್ತಿದ್ರಿ... ಹೇಗೋ ಕಣ್ಣು ಮುಚ್ಚಿಹೋಯ್ತು."

"ನಾನು ಒಂದು ವಿಷಯ ಹೇಳ್ತಿದ್ದೆ. ನೀವು ಗೊರಕೆ ಹೊಡೀತಿದ್ರಿ."

"ಇನ್ನೊಂದ್ಸಲ ಹೇಳಿ."

"ಆಗಲ್ಲ. ಒಂದು ಸಲಕ್ಕೇ ಪ್ರಾಣ ಹೋಗಿ ಬಂತು."

ಅವನಿಗೆ ಅರ್ಥವಾಯಿತು. ಅರ್ಥವಾಗಿದ್ದಕ್ಕೆ ಕಣ್ಣು ತುಂಬಿತು. "ಹಾಗಾದ್ರೆ ನಾನು ಹೇಳ್ತೀನಿ. ನೀವಿಲ್ಲದೆ ನಂಗೆ ಆಗಲ್ಲ. ಹೇಳೋ ಯೋಗ್ಯತೆ ಇದೆಯೋ ಇಲ್ವೋ ಗೊತ್ತಿಲ್ಲ, ಆದ್ರೆ ಆಗಲ್ಲ."

ಹಿಂದೆ ಪೆಟ್ಟಿಗೆಗಳೊಳಗೆ ಹುಳಗಳು ಗುಂಯ್‌ಗುಡುತ್ತಿದ್ದವು.

"ಅಪ್ಪನ ಕೈ ನೋಡಿದಾಗೆಲ್ಲ ನಿಮ್ಮ ಮೇಲೆ ಸಿಟ್ಟು ಬರುತ್ತೆ. ನಾಳೇನೂ ಬರುತ್ತೆ, ಮುದುಕಿ ಆದ್ಮೇಲೂ ಬರುತ್ತೆ. ನಾನೇನು ಮಾಡಿದ್ರೂ ಅದು ಹೋಗ್ತಿಲ್ಲ."

"ಹೋಗದೆ ಇದ್ರೆ ಇರ್ಲಿ. ದಿನಾ ಬೈಯಿರಿ. ನಾನು ಎಲ್ಲಿಗೂ ಹೋಗಲ್ಲ."

ಅವಳು ಸ್ಟೀರಿಂಗಿನಿಂದ ಕೈ ತೆಗೆದು, ಅವನ ಅಂಗೈಯಲ್ಲಿ ಇಟ್ಟಳು.

"ಬಿಗಿಯಾಗಿ ಹಿಡ್ಕೊಳ್ಳಿ," ಎಂದಳು.